ಮೊದಲು ‘ಥಾಟ್’ ಗಟ್ಟಿಯಾಗಲಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚೀನಾದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡಲು ಹೊರಟಿದ್ದೀಯೆ. ತಪ್ಪು ನಂಬಿಕೆಗಳ ಪದಗಳ ಪಾಠ ಬಂದಾಗ ಪದಪಟ್ಟಿ ಕೊಟ್ಟು ಶುರು ಮಾಡಬೇಡಮ್ಮ. ಮೊದಲು ‘ಅಂದ್ಕೊಂಡಿದ್ದೆ’ ಎಂಬ ಅರ್ಥದ ‘ಥಾಟ್’ ಗಟ್ಟಿಯಾಗಲಿ.

ಅವರ ಚೀನೀ ಭಾಷೆ ಮ್ಯಾಂಡರಿನ್‌ನಲ್ಲಿ ‘ಈವೇಯ್’ ಅಂತ ಒಂದು ಕ್ರಿಯಾಪದವಿದೆ. ಹಾಗೆ ನಂಬಿದ್ದೆ, ನಿಜ ಬೇರೆಯಿತ್ತು ಎಂಬುದೆಲ್ಲ ಸಾಮಾನ್ಯವಾಗಿ ಅದರೊಳಗೇ ಬಂದುಬಿಡುತ್ತದೆ. ಬರೀ ಅಭಿಪ್ರಾಯ ಹೇಳಲು ‘ಜುಎದ’, ‘ರೆನ್‌ವೇಯ್’ ಇವೆ. ‘ನೀನು ಬರಲ್ಲ ಅಂದ್ಕೊಂಡಿದ್ದೆ’ ಅನ್ನುತ್ತೇವಲ್ಲ, ಈವೇಯ್ ಅದಕ್ಕೆ ಹತ್ತಿರ. ಆದರೆ ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಹಾಗಾಗಿ ‘ಐ ಥಿಂಕ್ ಯು ಆರ್ ಎ ಡಾಕ್ಟರ್’ ಅಂದುಬಿಡುತ್ತಾರೆ. ಕೇಳಿದವರಿಗೆ ಈಗಲೂ ಹಾಗೇ ನಂಬಿದ್ದಾರೆ ಅನ್ನಿಸುತ್ತದೆ. ‘ಐ ಥಾಟ್ ಯು ವರ್ ಎ ಡಾಕ್ಟರ್’ ಆಗಬೇಕು. ಎರಡೂ ಕ್ರಿಯಾಪದ ಭೂತಕಾಲಕ್ಕೆ ಹೋಗಲಿ, ದನಿಯ ಒತ್ತು ‘ಥಾಟ್’ ಮೇಲೆ ಬೀಳಲಿ. ಅದರ ಮೊದಲ ಧ್ವನಿ ಮ್ಯಾಂಡರಿನ್‌ನಲ್ಲಿಲ್ಲ, ‘ಸಾಟ್’ ಆಗಿಬಿಡುತ್ತದೆ. ನಮ್ಮ ಥಕಾರವೂ ಅದಲ್ಲ ಎಂಬುದು ನಿನಗೂ ನೆನಪಿರಲಿ: ನಾಲಗೆಯ ತುದಿ ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕು.

ಆಮೇಲೆ ನಾಮಪದಗಳು. ಜನರಲ್ಲಿ ಹರಡಿರುವ ತಪ್ಪು ತಿಳಿವಳಿಕೆಗೆ ಅವರು ‘ವೂಚ್ಯು’ ಅನ್ನುತ್ತಾರೆ. ಅದರಲ್ಲಿ ಪ್ರದೇಶ ಎಂಬ ಅರ್ಥವೂ ಇರುವುದರಿಂದ ಜನ ಅದರೊಳಗೆ ‘ಕಾಲಿಡುತ್ತಾರೆ’. ಇಂಗ್ಲಿಷ್‌ನಲ್ಲೂ ‘ಎಂಟರ್’ ಬಳಸಿದರೆ ವಾಕ್ಯ ಕೆಟ್ಟಿತು. ‘ಇಟ್ ಈಸ್ ಎ ಕಾಮನ್ ಮಿಸ್‌ಕನ್ಸೆಪ್ಷನ್ ದಟ್’ ಎಂಬ ಚೌಕಟ್ಟನ್ನು ಇಡಿಯಾಗಿ ಬಾಯಿಪಾಠ ಮಾಡಿಸು. ಆ ಪದದ ಮುಂಚೆ ‘ಮೆನಿ’ ಬಂದರೆ ಕೊನೆಯ ಬಹುವಚನದ ‘ಸ್’ ಅವರ ಬಾಯಲ್ಲಿ ಬಿಟ್ಟುಹೋಗುತ್ತದೆ, ಅದನ್ನೂ ನೋಡು. ಇಬ್ಬರ ನಡುವೆ ಮಾತು ತಪ್ಪಾಗಿ ಅರ್ಥವಾದರೆ ಮಾತ್ರ ‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಅಂತ ಶುರುವಿಗೆ ಹೇಳಿಕೊಡು. ಅವರ ‘ವೂಹುಯ್’ ಅದೇ.

‘ಮಿತ್’ ಅಂದರೆ ಅವರಿಗೆ ದೇವರ ಕಥೆ, ‘ಶೆನ್‌ಹುವಾ’, ಅಷ್ಟೇ ಹೊಳೆಯುತ್ತದೆ. ಜನ ನಿಜವೆಂದು ನಂಬಿರುವ ಸುಳ್ಳು ಎಂಬ ಅರ್ಥವೂ ಅದಕ್ಕಿದೆ ಅಂತ ತೋರಿಸು. ಚೀನಾದ ಮಹಾಗೋಡೆ ಚಂದ್ರನಿಂದಲೂ ಕಾಣುತ್ತದೆ ಎಂಬ ಮಾತನ್ನೇ ತೆಗೆದುಕೋ. 2003ರಲ್ಲಿ ಶೆಂಝೌ 5 ನೌಕೆಯಲ್ಲಿ ಭೂಮಿಯನ್ನು ಸುತ್ತಿ ಬಂದ ಚೀನಾದ ಗಗನಯಾತ್ರಿ ಯಾಂಗ್ ಲಿವೇಯ್ ಅವರೇ ಗೋಡೆ ಕಾಣಲಿಲ್ಲ ಎಂದರು. ಅವರಿದ್ದದ್ದು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ, ಚಂದ್ರನಿರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಈ ಅರ್ಥದ ‘ಮಿತ್’ ಆ ಮಕ್ಕಳಿಗೆ ಇದರಿಂದ ಬೇಗ ಹತ್ತುತ್ತದೆ.

ನಾಣ್ಯ ಚಿಮ್ಮಿದಾಗ ಐದು ಸಲ ‘ಹೆಡ್’ ಬಿತ್ತು, ಇನ್ನು ‘ಟೇಲ್’ ಬೀಳಲೇಬೇಕು ಎಂಬ ತರ್ಕದೋಷ ‘ಫ್ಯಾಲಸಿ’. ದಿಗಂತದ ಚಂದ್ರ ದೊಡ್ಡದಾಗಿ ಕಾಣುವುದು ‘ಇಲ್ಯೂಷನ್’. ಎಷ್ಟು ಹೇಳಿದರೂ ಬಿಡದ ಸುಳ್ಳು ನಂಬಿಕೆ ‘ಡಿಲ್ಯೂಷನ್’. ಅದು ಮನೋರೋಗದ ಪರಿಭಾಷೆಯೂ ಹೌದು, ಎದುರಿಗಿದ್ದವರ ಮೇಲೆ ಪ್ರಯೋಗಿಸಿದರೆ ನೋವಾಗುತ್ತದೆ. ಅರ್ಥವಾದರೆ ಸಾಕು, ಬಳಸುವುದು ಬೇಡ ಅನ್ನು.

ಕೊನೆಯಲ್ಲಿ ಮನೆಯಲ್ಲಿ ಕೇಳಿದ ಒಂದು ನಂಬಿಕೆಯ ಬಗ್ಗೆ ಮೂರು ವಾಕ್ಯ ಬರೆಸು: ಜನ ಏನು ನಂಬುತ್ತಾರೆ, ನಿಜವೇನು, ಹೇಗೆ ಗೊತ್ತು. ತಣ್ಣೀರು ಕುಡಿಯಬಾರದು ಅಂತ ಅಜ್ಜಿ ಹೇಳಿದ್ದನ್ನು ಯಾರಾದರೂ ಖಂಡಿತ ತರುತ್ತಾರೆ. ಆಗ ‘ಮಿತ್’ ಅಂತ ಹಣೆಪಟ್ಟಿ ಹಚ್ಚಿಸಬೇಡ. ‘ಮೆನಿ ಪೀಪಲ್ ಬಿಲೀವ್ ದಟ್’ ಅಂತಲೇ ಬರೆಯಲಿ.

ಇಂತಿ,
ನಿನ್ನ ದೊಡ್ಡಪ್ಪ