ಸುಳ್ಳು ಸುದ್ದಿ ಉಳಿಸಿದ ಕಲ್ಲುಮನೆ

ಮಾನ್ಯ ಸಂಪಾದಕರೇ,

ಹಳೆಯ ಮನೆಯೊಂದನ್ನು ಉಳಿಸಿ ಎಂದು ಅರ್ಜಿ ಕೊಟ್ಟರೆ ನಮ್ಮಲ್ಲಿ ಮೊದಲು ಕೇಳುವುದು, ‘ಅಲ್ಲಿ ಯಾರಿದ್ದರು?’ ಎಂದು. ಕವಿಯದೋ ದಿವಾನರದೋ ಆದರೆ ಕಡತ ಮುಂದಕ್ಕೆ ಹೋಗುತ್ತದೆ. ಬಡಗಿಯದೋ ಒಕ್ಕಲಿಗನದೋ ಆದರೆ ಜೆಸಿಬಿ ಬರುತ್ತದೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್‌ನಲ್ಲಿ ಕಂಡ ಒಂದು ಕಲ್ಲುಮನೆ ಈ ಪ್ರಶ್ನೆಯನ್ನೇ ಅಣಕಿಸುವಂತಿತ್ತು.

ಹೆಸರು ‘ಓಲ್ಡ್ ಸ್ಟೋನ್ ಹೌಸ್’. ಅಂದರೆ ಹಳೇ ಕಲ್ಲುಮನೆ, ಅಷ್ಟೇ. ಕ್ರಿಸ್ಟೋಫರ್ ಲೇಮನ್ ಎಂಬ ಬಡಗಿ ತನ್ನ ಹೆಂಡತಿ ರೇಚಲ್ ಜೊತೆ ಸಂಸಾರ ಹೂಡಲು 1765ರಲ್ಲಿ ಕಟ್ಟಿಕೊಂಡದ್ದು. ಆಗ ಅಮೆರಿಕ ಎಂಬ ದೇಶವೂ ಇರಲಿಲ್ಲ, ವಾಷಿಂಗ್ಟನ್ ಎಂಬ ರಾಜಧಾನಿಯೂ ಇರಲಿಲ್ಲ. ಪಾಪ, ಆ ಮನೆಯಲ್ಲಿ ಅವನು ಹೆಚ್ಚು ದಿನ ಬಾಳಲಿಲ್ಲ. 1767ರಲ್ಲಿ ಕಸ್ಸಾಂಡ್ರಾ ಚ್ಯೂ ಎಂಬಾಕೆ ಅದನ್ನು ಕೊಂಡು ಹಿಂಬದಿಗೆ ಅಡುಗೆಮನೆ ಕಟ್ಟಿಸಿದರು. ಮುಂದೆ ಅಲ್ಲಿ ಟೋಪಿ ಮಾಡುವವರು, ದರ್ಜಿಗಳು, ಗಡಿಯಾರ ರಿಪೇರಿಯವರು ಅಂಗಡಿ ಇಟ್ಟರು.

ಗಡಿಯಾರದವನಿಂದಲೇ ಕಥೆಗೆ ತಿರುವು. 1800ರ ಸುಮಾರಿಗೆ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದ ಆತನ ಹೆಸರು ಜಾನ್ ಸೂಟರ್. ಅಪ್ಪನ ಹೆಸರೂ ಅದೇ. ಅಪ್ಪ ಸೂಟರ್ ನಡೆಸುತ್ತಿದ್ದ ಛತ್ರದಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1791ರಲ್ಲಿ ಜಮೀನುದಾರರನ್ನು ಕೂರಿಸಿಕೊಂಡು ರಾಜಧಾನಿಗೆ ಬೇಕಾದ ನೆಲದ ಮಾತುಕತೆ ಮುಗಿಸಿದ್ದರು. ಕಾಲ ಸರಿದಂತೆ ಜನ ಅಪ್ಪನ ಛತ್ರವನ್ನು ಮಗನ ಅಂಗಡಿಗೆ ಗಂಟು ಹಾಕಿದರು. ‘ವಾಷಿಂಗ್ಟನ್‌ರ ಮುಖ್ಯ ಕಚೇರಿ’ ಎಂಬ ಬೋರ್ಡೂ ಬಿತ್ತು. ಸುತ್ತಲಿನ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿದರೂ ಇದನ್ನು ಯಾರೂ ಮುಟ್ಟಲಿಲ್ಲ. 1953ರಲ್ಲಿ ಸರ್ಕಾರ 90,000 ಡಾಲರ್ ಕೊಟ್ಟು ಕೊಂಡಾಗ ಹಿತ್ತಲಲ್ಲಿ ಹಳೇ ಕಾರು ಮಾರುವ ವ್ಯಾಪಾರ ನಡೆದಿತ್ತಂತೆ! ಈಗ ಆ ಜಾಗದಲ್ಲಿ ಹೂದೋಟವಿದೆ.

ನನಗೆ ಹಿಡಿಸಿದ್ದು ಆಮೇಲಿನ ನಡೆ. ಸುದ್ದಿ ಸುಳ್ಳೆಂದು ಗೊತ್ತಾದರೂ ರಾಷ್ಟ್ರೀಯ ಉದ್ಯಾನ ಇಲಾಖೆ ಮನೆಯನ್ನು ಕೈಬಿಡಲಿಲ್ಲ, ಸುಳ್ಳನ್ನು ಮುಚ್ಚಿಡಲೂ ಇಲ್ಲ. ದುರಸ್ತಿ ಮಾಡಿ 1960ರಲ್ಲಿ ಜನರಿಗೆ ತೆರೆದದ್ದು ಸಾಮಾನ್ಯರ ಮನೆಯೆಂದೇ. ನೋಡಲು ಟಿಕೆಟ್ ಇಲ್ಲ. ತಗ್ಗಾದ ಸೂರು, ಒಲೆ, ದಪ್ಪ ಗೋಡೆ ನೋಡುತ್ತಿದ್ದರೆ ನನಗೆ ನಮ್ಮಜ್ಜನ ಮನೆಯ ಪಡಸಾಲೆ ನೆನಪಾಯಿತು.

ಬಾದಾಮಿ ಸೀಮೆಯ ನಮ್ಮೂರಲ್ಲೂ ಕೆಂಗಲ್ಲಿನ ಮನೆಗಳಿದ್ದವು: ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಜೋಳ ತುಂಬುವ ಹಗೇವು, ದೀಪಕ್ಕೆ ಗೋಡೆಯಲ್ಲೇ ಮಾಡ. ಹಳೇ ಬಾಗಲಕೋಟೆಯ ಎಷ್ಟೋ ಮನೆಗಳು ಆಲಮಟ್ಟಿ ಹಿನ್ನೀರಿನ ಪಾಲಾದವು. ಉಳಿದ ಕಡೆ ನಾವೇ ಕೆಡವಿ ಆರ್‌ಸಿಸಿ ಹಾಕಿಸಿದ್ದೇವೆ. ಬೇಸಿಗೆಯಲ್ಲಿ ಒಳಗೆ ಕೂರಲಾಗದೆ ಬೇವಿನ ಮರದ ಬುಡಕ್ಕೆ ಬರುತ್ತೇವೆ, ಅದು ಬೇರೆ ಮಾತು. ಯಾರನ್ನು ದೂರಲಿ? ಅಜ್ಜನ ಮನೆ ಕೆಡವಿಸಿದವನು ನಾನೇ. ಅದರ ಕಲ್ಲು ಈಗಿನ ಮನೆಯ ಬುನಾದಿಯಲ್ಲಿದೆ.

ಕಡೇಪಕ್ಷ ತಾಲ್ಲೂಕಿಗೊಂದು ಇಂಥ ಮನೆಯನ್ನು ಮಾಲೀಕರಿಗೆ ನ್ಯಾಯವಾದ ಬೆಲೆ ಕೊಟ್ಟು ಪುರಾತತ್ವ ಇಲಾಖೆ ಕೊಳ್ಳಲಿ. ಅದಾಗದಿದ್ದರೆ, ಕೆಡವುವ ಮುಂಚೆ ಅಳತೆ ಹಿಡಿದು ನಕ್ಷೆ ಬರೆಸಿ, ಫೋಟೊ ತೆಗೆಸಿ, ಹಗೇವಿಗೆ ಕಾಳು ಇಳಿಸಿದ ಅಜ್ಜಿಯರ ಮಾತನ್ನಾದರೂ ಬರೆದಿಡಲಿ. ನಮ್ಮೂರಲ್ಲಿ ಅಂಥ ಮನೆ ಇನ್ನು ಮೂರು ಉಳಿದಿವೆ. ಒಂದರ ಮಾಳಿಗೆ ಹೋದ ಮಳೆಗಾಲದಲ್ಲಿ ಕುಸಿಯಿತು.

– ನಿವೃತ್ತ ಶಿಕ್ಷಕ, ಬಾದಾಮಿ ತಾಲ್ಲೂಕು