ಎಲ್ಲದಕ್ಕೂ ಒಂದೇ ಅಳತೆಗೋಲು ಸಾಲದು

ಪ್ರಿಯ ಗೆಳೆಯರೇ,

ಪುಸ್ತಕ, ಸಿನಿಮಾಗಳ ಬಗ್ಗೆ ನೀವು ಬರೆದು ಕಳಿಸಿದ ವಿಮರ್ಶೆಯ ಟಿಪ್ಪಣಿಗಳು ತಲುಪಿದವು. ಒಂದು ಪತ್ತೇದಾರಿ ಕಾದಂಬರಿ, ಒಂದು ಕವನ ಸಂಕಲನ, ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’, ಜೊತೆಗೆ ‘ತಿಥಿ’, ‘ನಾಗರಹಾವು’, ‘ಘಟಶ್ರಾದ್ಧ’ ಎಂಬ ಮೂರು ಸಿನಿಮಾಗಳು. ಓದುವುದೂ ನೋಡುವುದೂ ಹೀಗೆ ಹತ್ತು ಕಡೆ ಹರಡಿಕೊಂಡಿರುವುದು ಒಳ್ಳೆಯದೇ. ತೊಂದರೆ ಇರುವುದು ಬೇರೆ ಕಡೆ. ಹೆಸರುಗಳನ್ನು ಅಳಿಸಿ ಈ ಆರನ್ನೂ ಅದಲುಬದಲು ಮಾಡಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಎಲ್ಲದರಲ್ಲೂ ಮೊದಲು ಕಥಾಸಾರ, ಆಮೇಲೆ ‘ಪಾತ್ರಪೋಷಣೆ ಸೊಗಸಾಗಿದೆ’, ‘ನಿರೂಪಣೆ ತುಸು ನಿಧಾನ’, ಕೊನೆಗೆ ‘ಒಮ್ಮೆ ಓದಬಹುದು’ ಇಲ್ಲವೇ ‘ಒಮ್ಮೆ ನೋಡಬಹುದು’. ಅಭಿಪ್ರಾಯ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಈ ಕೃತಿ ಏನು ಮಾಡಲು ಹೊರಟಿದೆ? ಪತ್ತೇದಾರಿ ಕಥೆಯಿಂದ ಬೇಡುವುದನ್ನು ಕವನದಿಂದ ಬೇಡಿದರೆ ಎರಡಕ್ಕೂ ಅನ್ಯಾಯ.

‘ಕರ್ವಾಲೊ’ವನ್ನೇ ನೋಡಿ. ‘ಮೊದಲ ಭಾಗ ಎಳೆದಂತಿದೆ, ಹಾರುವ ಓತಿ ಬರುವುದೇ ತಡ’ ಎಂದಿದ್ದೀರಿ. ಸಾಹಸಕಥೆ ಎಂದುಕೊಂಡು ಓದಿದರೆ ಹಾಗನ್ನಿಸುವುದು ಸಹಜ. ಆದರೆ ಜೇನಿನ ಪ್ರಸಂಗ, ಮಂದಣ್ಣನ ಮದುವೆಯ ತಾಪತ್ರಯ, ಕಳ್ಳಭಟ್ಟಿ ಕೇಸು ಇವನ್ನೆಲ್ಲ ತೆಗೆದುಹಾಕಿ ಊಹಿಸಿಕೊಳ್ಳಿ. ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿ ಊರವರ ಲೆಕ್ಕದಲ್ಲಿ ಪೋಲಿಯಾದ ಮಂದಣ್ಣನ ಕಣ್ಣನ್ನು ಯಾಕೆ ನಂಬುತ್ತಾರೆ ಎಂಬುದು ಆಗ ಅರ್ಥವೇ ಆಗುವುದಿಲ್ಲ. ಕೊನೆಯ ಕಾಡಿನ ಹುಡುಕಾಟ ನಿಂತಿರುವುದು ಆ ನಂಬಿಕೆಯ ಮೇಲೆ. ಹಾಗಿದ್ದೂ ನಿಧಾನ ಎನ್ನಿಸಿದರೆ ಧಾರಾಳವಾಗಿ ಬರೆಯಿರಿ. ಆದರೆ ಯಾವ ಅಧ್ಯಾಯ, ಯಾವ ಪ್ರಸಂಗ, ಅದನ್ನು ಬಿಟ್ಟಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ ಯಾಕೆ ಎಂದು ತೋರಿಸಿ. ಬರೀ ‘ನಿಧಾನ’ ಎಂದರೆ ಅದು ಓದಿದ ದಿನದ ನಿಮ್ಮ ನಿದ್ದೆಯ ವಿಚಾರವೂ ಆಗಿರಬಹುದು.

ಕಥಾಸಾರಕ್ಕೆ ಒಂದು ಮಿತಿ ಹಾಕಿಕೊಳ್ಳಿ. 600 ಪದಗಳ ಟಿಪ್ಪಣಿಯಲ್ಲಿ ಅದು 120 ಪದ ದಾಟಬಾರದು. ನಿಮ್ಮ ಪತ್ತೇದಾರಿ ಟಿಪ್ಪಣಿಯಲ್ಲಿ ಸುಮಾರು ಮುಕ್ಕಾಲು ಪಾಲು ಕಥೆಯೇ ಇದೆ, ಕೊಲೆಗಾರನ ಸುಳಿವೂ ಇದೆ! ಈ ಬಗೆಯ ಪುಸ್ತಕದಲ್ಲಿ ಮೊದಲ ಕಾಲುಭಾಗ ದಾಟಿ ಒಂದು ಸಂಗತಿಯನ್ನೂ ಬಿಟ್ಟುಕೊಡಬೇಡಿ. ಬದಲಿಗೆ ಎರಡನೇ ಸಲ ಓದಿ. ಕೊನೆ ಗೊತ್ತಿದ್ದು ಓದುವಾಗ ಸುಳಿವುಗಳೆಲ್ಲ ಮೊದಲೇ ಕಣ್ಣೆದುರಿಗೆ ಇದ್ದವು ಅನ್ನಿಸಿದರೆ ಲೇಖಕರು ನ್ಯಾಯವಾಗಿ ಆಡಿದ್ದಾರೆ. ಕಡೆಯ ಅಧ್ಯಾಯದಲ್ಲಿ ಹೊಸ ಪಾತ್ರವೊಂದನ್ನೋ ಹಳೇ ದ್ವೇಷವೊಂದನ್ನೋ ತಂದು ಗಂಟು ಬಿಡಿಸಿದ್ದರೆ ಮೋಸ. ಇದಿಷ್ಟನ್ನು ಗುಟ್ಟು ಒಡೆಯದೆ ಹೇಳಲು ಬರುತ್ತದೆ: ‘ಎಲ್ಲವೂ ಮೊದಲ ಐವತ್ತು ಪುಟಗಳಲ್ಲೇ ಇತ್ತು’ ಎಂದರೆ ಸಾಕು.

ಕವನ ಸಂಕಲನಕ್ಕೆ ಸಾರಾಂಶವೇ ಬೇಡ. ಗಟ್ಟಿಯಾಗಿ ಓದಿ, ಲಯ ಎಲ್ಲಿ ಮುಗ್ಗರಿಸಿತು ಎಂದು ಗುರುತು ಹಾಕಿ, ನಾಲ್ಕಾರು ಸಾಲು ಉದ್ಧರಿಸಿ. ಒಂದು ಸಾಲೂ ಇಲ್ಲದ ಕವನ ವಿಮರ್ಶೆಯನ್ನು ಯಾರು ನಂಬುತ್ತಾರೆ?

ಸಿನಿಮಾ ವಿಚಾರಕ್ಕೆ ಬರುತ್ತೇನೆ, ನೀವು ಹೆಚ್ಚು ಎಡವಿರುವುದು ಅಲ್ಲೇ. ‘ನಾಗರಹಾವು’ ಕಾದಂಬರಿಗೆ ನಿಷ್ಠವಾಗಿಲ್ಲ ಎಂದು ಎರಡು ಪ್ಯಾರಾ ಬರೆದಿದ್ದೀರಿ. ಕಾದಂಬರಿ ಬರೆದ ತ.ರಾ.ಸು. ಅವರಿಗೂ ಆ ಸಿನಿಮಾದ ಬಗ್ಗೆ ಅಸಮಾಧಾನವಿತ್ತು, ನಿರ್ದೇಶಕ ಪುಟ್ಟಣ್ಣ ಕಣಗಾಲ್ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ಲೇಖಕರಿಗೆ ಆ ಹಕ್ಕುಂಟು. ನೋಡುಗರಾದ ನಮ್ಮ ಕೆಲಸ ಬೇರೆ. 1972ರ ಆ ಚಿತ್ರ ಒಂದಲ್ಲ, ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನು ಒಂದೇ ಆಟದಲ್ಲಿ ಮುಗಿಸಬೇಕಾದಾಗ ಬಿಟ್ಟದ್ದರ ಪಟ್ಟಿ ಮಾಡುತ್ತ ಕೂತರೆ ಅದಕ್ಕೆ ಕೊನೆಯಿಲ್ಲ. ಉಳಿದದ್ದು ಯಾವುದರ ಸುತ್ತ ಒಟ್ಟುಗೂಡಿದೆ ಎಂದು ಕೇಳಿ. ನನ್ನ ಓದಿನಲ್ಲಿ ಅದು ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರ ಸಂಬಂಧ. ರಾಮಾಚಾರಿ ಪ್ರೀತಿಸಿದ ಅಲಮೇಲು, ಮಾರ್ಗರೆಟ್ ಇಬ್ಬರ ಕಥೆಯೂ ಕೊನೆಗೆ ಮೇಷ್ಟ್ರ ಮಾತಿಗೆ ಬಂದು ತಾಗುತ್ತದೆ. ಮೇಷ್ಟ್ರ ಒಳ್ಳೆಯತನವೇ ಶಿಷ್ಯನನ್ನು ಮುಳುಗಿಸಿತೇ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. ನಿಮ್ಮ ಟಿಪ್ಪಣಿ ಶುರುವಾಗಬೇಕಿದ್ದದ್ದು ಅಲ್ಲಿ.

ಓಬವ್ವನ ಹಾಡನ್ನು ‘ಕಥೆಗೆ ಸಂಬಂಧವಿಲ್ಲದ್ದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕಥೆಯ ಗಂಟಿಗೆ ಅದು ಬೇಕಿಲ್ಲ, ಸರಿ. ಆದರೆ ಜಯಂತಿ ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಮೇಲೆ ಚಿತ್ರದುರ್ಗದ ಕಲ್ಲುಗಳು ಬರೀ ಹಿನ್ನೆಲೆಯಾಗಿ ಉಳಿಯುವುದಿಲ್ಲ. ರಾಮಾಚಾರಿಯ ರೋಷಕ್ಕೆ ಊರಿನ ಇತಿಹಾಸವೊಂದು ಬೆನ್ನಿಗೆ ಬರುತ್ತದೆ. ಹಾಡು ಬೇಕೇ ಬೇಡವೇ ಎಂದು ತೀರ್ಪು ಕೊಡುವ ಮುಂಚೆ ಹಾಡಿನ ಹಿಂದಿನ ದೃಶ್ಯ, ಮುಂದಿನ ದೃಶ್ಯ ಎರಡನ್ನೂ ನೋಡಿ, ನಡುವೆ ಏನು ಬದಲಾಯಿತು ಎಂದು ಬರೆದುಕೊಳ್ಳಿ. ಏನೂ ಬದಲಾಗದ ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವುಗಳ ಮೇಲೆ ನಿಮ್ಮ ಕೋಪ ತೀರಿಸಿಕೊಳ್ಳಬಹುದು.

‘ಘಟಶ್ರಾದ್ಧ’ದ ಬಗ್ಗೆ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂದಿದ್ದೀರಿ. ಆ ಕಪ್ಪು-ಬಿಳುಪು ಸಿನಿಮಾ ಕಣ್ಣಿಗೆ ಹಬ್ಬವಾಗಲು ಒಪ್ಪುವಂಥದ್ದೇ ಅಲ್ಲ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಜೊತೆ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಬಸಿರಾದ ವಿಧವೆ ಯಮುನಕ್ಕನ ಮೇಲೆ ಏನು ಬಂದೆರಗುತ್ತಿದೆ ಎಂಬುದು ನೋಡುವ ನಮಗೆ ಗೊತ್ತು, ಪಾಠಶಾಲೆಯ ಹುಡುಗ ನಾಣಿಗೆ ಪೂರ್ತಿ ಗೊತ್ತಿಲ್ಲ. ಅವನಿಗೆ ತಿಳಿದದ್ದಕ್ಕೂ ನಮಗೆ ತಿಳಿದದ್ದಕ್ಕೂ ನಡುವಿನ ಅಂತರದಲ್ಲೇ ಚಿತ್ರದ ನೋವಿದೆ. ಕ್ಯಾಮೆರಾ ಯಾವಾಗ ಹುಡುಗನ ಪಕ್ಕದಲ್ಲಿದೆ, ಯಾವಾಗ ಅವನನ್ನು ಬಿಟ್ಟು ದೂರ ಸರಿಯುತ್ತದೆ ಎಂದು ಒಂದೇ ಒಂದು ದೃಶ್ಯದಲ್ಲಿ ತೋರಿಸಿ. ಮಲೆನಾಡು ಚಂದ ಕಾಣುವುದು ಮಲೆನಾಡಿನ ಗುಣ, ಅದಕ್ಕೆ ಛಾಯಾಗ್ರಾಹಕರನ್ನು ಹೊಗಳಬೇಕಿಲ್ಲ.

‘ಸಂಕಲನ (ಎಡಿಟಿಂಗ್) ಚುರುಕಾಗಬೇಕಿತ್ತು’ ಎಂಬ ಮಾತೂ ನಿಮ್ಮಲ್ಲಿ ಮೂರು ಕಡೆ ಬಂದಿದೆ. ಬೇಸರ ಬಂದಾಗೆಲ್ಲ ಸಂಕಲನಕಾರರ ತಲೆಗೆ ಕಟ್ಟುವುದು ನಮ್ಮ ಹಳೇ ಚಾಳಿ. ಹೀಗೆ ಪರೀಕ್ಷೆ ಮಾಡಿ: ದೃಶ್ಯವನ್ನು ಇಡಿಯಾಗಿ ತೆಗೆದರೂ ಕಥೆಗೆ ಏನೂ ಆಗದಿದ್ದರೆ ಬಹುಮಟ್ಟಿಗೆ ಅದು ಚಿತ್ರಕಥೆಯಲ್ಲೇ ಹುಟ್ಟಿದ ದೋಷ. ದೃಶ್ಯ ಬೇಕು, ಆದರೆ ಮಾತು ಮುಗಿದ ಮೇಲೂ ಶಾಟ್ ನಿಂತೇ ಇದ್ದರೆ, ಒಂದೇ ಪ್ರತಿಕ್ರಿಯೆಯನ್ನು ನಾಲ್ಕು ಮುಖಗಳಲ್ಲಿ ತೋರಿಸಿದರೆ, ಆಗ ಸಂಕಲನದ ಮಾತೆತ್ತಿ. ಇಂಟರ್‌ವಲ್‌ಗೋಸ್ಕರ ತುರುಕಿದ ತಿರುವು ಮೂರನೆಯ ಬಗೆಯ ದೋಷ. ವಿರಾಮದ ನಂತರದ ಹತ್ತು ನಿಮಿಷದಲ್ಲಿ ಆ ತಿರುವು ಸುಮ್ಮನೆ ಕರಗಿಹೋದರೆ ಅದನ್ನು ಇಟ್ಟದ್ದು ಕ್ಯಾಂಟೀನಿಗೆ ಜನ ಕಳಿಸುವುದಕ್ಕೆ ಮಾತ್ರ.

‘ತಿಥಿ’ಗೆ ‘ಸಹಜ ನಟನೆ’ ಎಂದು ಬರೆದು ಬಿಟ್ಟಿದ್ದೀರಿ. ಮಂಡ್ಯ ಜಿಲ್ಲೆಯ ಹಳ್ಳಿಯವರೇ ಅಭಿನಯಿಸಿದ ಚಿತ್ರಕ್ಕೆ ಆ ಮಾತಿನಿಂದ ಏನೂ ಸೇರುವುದಿಲ್ಲ. ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ವ್ಯವಹಾರ ಮುಗಿಯಬೇಕು, ಮಗ ಗಡ್ಡಪ್ಪನಿಗೆ ಜಮೀನೂ ಬೇಡ ಮನೆಯೂ ಬೇಡ, ಟೈಗರ್ ಬ್ರಾಂದಿ ಇದ್ದರಾಯಿತು, ನಡೆಯುತ್ತಲೇ ಇರುತ್ತಾನೆ. ನಗು ಹುಟ್ಟುವುದು ಒಬ್ಬನ ಅವಸರ ಇನ್ನೊಬ್ಬನ ನಡಿಗೆಗೆ ಡಿಕ್ಕಿ ಹೊಡೆದಾಗ. ಹಾಸ್ಯದ ಚಿತ್ರ ನೋಡುವಾಗ ಎರಡು ವಿಷಯ ಗುರುತು ಹಾಕಿಕೊಳ್ಳಿ: ನಗು ಎಲ್ಲಿ ಬಂತು, ಯಾರ ಖರ್ಚಿನಲ್ಲಿ ಬಂತು. ಹಳ್ಳಿಯವರನ್ನು ನೋಡಿ ಪೇಟೆಯವರು ನಗುವ ಸಿನಿಮಾಗಳೂ ಇವೆ. ಇದು ಆ ಜಾತಿಗೆ ಸೇರುವುದಿಲ್ಲ ಎಂಬುದನ್ನು ನೀವು ತೋರಿಸಬೇಕು, ಘೋಷಿಸಬಾರದು.

ಇನ್ನು ಟಿಪ್ಪಣಿ ಮಾಡಿಕೊಳ್ಳುವ ಬಗೆ. ಥಿಯೇಟರಿನಲ್ಲಿ ಮೊಬೈಲ್ ತೆಗೆಯಬೇಡಿ, ಪಕ್ಕದವರ ಶಾಪ ತಟ್ಟುತ್ತದೆ. ಅಂಗೈಯಗಲದ ಪುಸ್ತಕದಲ್ಲಿ ಪುಟಕ್ಕೊಂದು ಸಂಗತಿ, ಮೂರು ನಾಲ್ಕು ಪದ, ದೊಡ್ಡ ಅಕ್ಷರ. ಕತ್ತಲೆಯಲ್ಲಿ ಸಾಲಿನ ಮೇಲೆ ಸಾಲು ಬಿದ್ದರೆ ಆಮೇಲೆ ಒಂದೂ ಓದಲಾಗದು. ಹೊರಗೆ ಬಂದ ಅರ್ಧ ಗಂಟೆಯೊಳಗೆ, ಯಾರ ಜೊತೆಗೂ ಚರ್ಚೆಗೆ ಇಳಿಯುವ ಮುಂಚೆ, ಅವನ್ನು ಬಿಡಿಸಿ ಬರೆಯಿರಿ. ಸಂಭಾಷಣೆ ಉದ್ಧರಿಸುವುದಾದರೆ ಕಿವಿಯಿಂದ ಕೇಳಿ ಬರೆಯಿರಿ, ಸಬ್‌ಟೈಟಲ್ ನೋಡಿ ಅಲ್ಲ. ಪುಸ್ತಕವಾದರೆ ಪೆನ್ಸಿಲ್ ಗೆರೆ, ಕೊನೆಯ ಖಾಲಿ ಹಾಳೆಯಲ್ಲಿ ಪುಟಸಂಖ್ಯೆ ಮತ್ತು ಒಂದು ಪದದ ಕಾರಣ. ಗ್ರಂಥಾಲಯದ ಪ್ರತಿಯಾದರೆ ಚೀಟಿ. ಮುದ್ರಣ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ, ಹಾಗಾಗಿ ಯಾವ ವರ್ಷದ ಮುದ್ರಣ ಎಂದು ಬರೆದಿಟ್ಟುಕೊಳ್ಳಿ.

ಅನುವಾದದ ಪುಸ್ತಕವಾದರೆ ಅನುವಾದಕರ ಹೆಸರನ್ನು ಮೊದಲ ಪ್ಯಾರಾದಲ್ಲೇ ಹೇಳಿ. 2025ರ ಅಂತರರಾಷ್ಟ್ರೀಯ ಬೂಕರ್ ಬಹುಮಾನದ ಹಣ ಲೇಖಕಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಇಬ್ಬರಿಗೂ ಸಮಪಾಲಾಯಿತು. ನಮ್ಮ ಪುಸ್ತಕ ಪರಿಚಯಗಳಲ್ಲಿ ಮಾತ್ರ ಅನುವಾದಕರಿಗೆ ಈಗಲೂ ಕೊನೆಯ ಸಾಲಿನ ‘ಅನುವಾದ ಸರಾಗವಾಗಿದೆ’ಯೇ ಗತಿ.

ಮತ್ತೊಂದು ಕಿರಿಕಿರಿಯ ವಿಷಯ. ಕನ್ನಡದ ಬರಹ ಲೋಕ ಚಿಕ್ಕದು. ಇವತ್ತು ನೀವು ವಿಮರ್ಶೆ ಬರೆದವರು ನಾಳೆ ಪುಸ್ತಕ ಬಿಡುಗಡೆಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಉಪ್ಪಿಟ್ಟು ತಿನ್ನುತ್ತಿರುತ್ತಾರೆ. ಪುಸ್ತಕ ಉಚಿತವಾಗಿ ಬಂದಿದ್ದರೆ, ಲೇಖಕರು ಸ್ನೇಹಿತರಾಗಿದ್ದರೆ ಅದನ್ನು ಬರಹದಲ್ಲೇ ಹೇಳಿಬಿಡಿ. ತುಂಬ ಹತ್ತಿರದವರಾದರೆ ಬರೆಯಲೇಬೇಡಿ.

ಆರನ್ನೂ ಒಟ್ಟಿಗೆ ತಿದ್ದಲು ಕೂರಬೇಡಿ. ಮೊದಲು ‘ತಿಥಿ’ಯನ್ನು ಎತ್ತಿಕೊಳ್ಳಿ, ಗಡ್ಡಪ್ಪನ ಒಂದೇ ಒಂದು ದೃಶ್ಯ ಆರಿಸಿ, 200 ಪದಗಳಲ್ಲಿ ಅದನ್ನಷ್ಟೇ ಬರೆಯಿರಿ. ‘ಸಹಜ’, ‘ಅದ್ಭುತ’, ‘ಮನಮುಟ್ಟುವ’ ಮೂರಕ್ಕೂ ರಜೆ ಕೊಡಿ. ಅದು ಬಂದ ಮೇಲೆ ‘ನಾಗರಹಾವು’ ನೋಡೋಣ. ಪತ್ತೇದಾರಿ ಟಿಪ್ಪಣಿಯನ್ನು ಮಾತ್ರ ಸದ್ಯಕ್ಕೆ ಯಾರಿಗೂ ತೋರಿಸಬೇಡಿ, ಕೊಲೆಗಾರ ಇನ್ನೂ ಅದರಲ್ಲೇ ಇದ್ದಾನೆ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ