ಅಜ್ಜಿ ತೆಗೆದಿಟ್ಟ ಟೊಮೇಟೊ ಹೋಳು

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಫೋನಿನಲ್ಲಿ ಹೇಳಲಾಗದ್ದನ್ನು ಬರೆದು ಕಳುಹಿಸಿದ್ದು ಒಳ್ಳೆಯದಾಯಿತು. ನಾನೂ ಬರೆದೇ ಉತ್ತರ ಕೊಡುತ್ತೇನೆ. ಕೇರಳದಿಂದ ಇಸ್ರಾಯೇಲಿಗೆ ಹೋಗಿ ನೆಲೆಸಿದ, ಈಗ ನೀನು ಅಲ್ಲಿ ನೋಡಿಕೊಳ್ಳುತ್ತಿರುವ ಯೆಹೂದ್ಯ ಅಜ್ಜಿಯ ಬಗ್ಗೆ ನೀನು ಎರಡು ಸಂಗತಿ ಕೇಳಿದ್ದೀ. ಹಿತ್ತಲಲ್ಲಿ ಬೆಳೆದ ಟೊಮೇಟೊದಿಂದ ಅಜ್ಜಿಯವರು ಒಂದು ಸಣ್ಣ ಹೋಳನ್ನು ತೆಗೆದು, ಏನೋ ಮಂತ್ರದಂತೆ ಗುನುಗಿ ಬದಿಗಿಟ್ಟಿದ್ದರು. ಸುಮ್ಮನೆ ಹಾಳಾಗುವುದೇಕೆಂದು ನೀನು ಅದನ್ನು ಸಾರಿಗೆ ಹಾಕಿದ್ದಕ್ಕೆ ಅವರು ಇಡೀ ಪಾತ್ರೆಯ ಸಾರನ್ನೇ ಚೆಲ್ಲಿಸಿದರು. ಅದೇ ವಾರ ಅಮೆರಿಕದಲ್ಲಿರುವ ಅವರ ಮಗ ಫೋನು ಮಾಡಿ, ದಾಳಿಯ ಸೈರನ್ನು ನಿಲ್ಲುವವರೆಗಾದರೂ ಇಲ್ಲಿಗೆ ಬಂದಿರಮ್ಮ ಎಂದು ಬೇಡಿಕೊಂಡಾಗ ಒಂದೇ ಮಾತಿನಲ್ಲಿ ಆಗುವುದಿಲ್ಲ ಎಂದುಬಿಟ್ಟರು. ರಾತ್ರಿ ಎರಡು ಗಂಟೆಗೆ ಎಂಬತ್ತು ದಾಟಿದ ಜೀವವನ್ನು ಎಬ್ಬಿಸಿ, ಕೈಹಿಡಿದು, ದಾಳಿಯ ಹೊತ್ತಿಗೆ ಆಶ್ರಯ ಕೊಡುವ ಮಾಮಾಡ್ ಕೋಣೆಗೆ ಕರೆದೊಯ್ಯಬೇಕಾದವಳು ನೀನು. ಆದ್ದರಿಂದ, ಇದು ಧರ್ಮವೋ ಮುದಿತನದ ಹಠವೋ ಎಂದು ಕೇಳುವ ಹಕ್ಕೂ ನಿನಗಿದೆ.

ನನಗೆ ತೋರುವಂತೆ ಟೊಮೇಟೊ ಹೋಳಿನ ಪ್ರಶ್ನೆಯೂ ಅಮೆರಿಕದ ಪ್ರಶ್ನೆಯೂ ಬೇರೆಬೇರೆಯಲ್ಲ. ಹೋಳಿನಿಂದಲೇ ಆರಂಭಿಸುತ್ತೇನೆ.

ಅದರ ಹೆಸರು ತೆರುಮಾ. ಆ ನೆಲದಲ್ಲಿ ಬೆಳೆದ ಬೆಳೆಯಲ್ಲಿ ಯಾಜಕನ ಪಾಲು, ದೇವಾಲಯದ ಸೇವೆಯ ಕುಲವಾದ ಲೇವಿಯರ ದಶಮಾಂಶ, ವರ್ಷಕ್ಕೆ ತಕ್ಕಂತೆ ಯೆರೂಸಲೇಮಿನಲ್ಲಿ ತಿನ್ನಬೇಕಾದ ಪಾಲು ಅಥವಾ ಬಡವರ ಪಾಲು, ಇವನ್ನೆಲ್ಲ ಬೇರ್ಪಡಿಸುವ ಮೊದಲು ಯೆಹೂದ್ಯರು ಒಂದು ತುತ್ತನ್ನೂ ಬಾಯಿಗಿಡುವಂತಿಲ್ಲ. ಯೆರೂಸಲೇಮಿನ ದೇವಾಲಯ ಇಲ್ಲವಾಗಿ ಎರಡು ಸಾವಿರ ವರ್ಷ ಸಮೀಪಿಸಿದೆ. ಆ ಪಾಲನ್ನು ತಿನ್ನಲು ಬೇಕಾದ ಶುದ್ಧತೆ ಇಂದು ಯಾವ ಯಾಜಕನಿಗೂ ಇಲ್ಲ. ಆದರೂ ನೂರರಲ್ಲಿ ಒಂದಕ್ಕಿಂತ ತುಸು ಹೆಚ್ಚನ್ನು ತೆಗೆದು, ಯಾರೂ ತಿನ್ನದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೌರವದಿಂದ ಕಸಕ್ಕೆ ಸೇರಿಸುತ್ತಾರೆ. ಅಂಗಡಿಯ ತರಕಾರಿಗೆ ಇದನ್ನು ಅವರ ಧರ್ಮಗುರುಗಳಾದ ರಬ್ಬಿಗಳ ಮೇಲ್ವಿಚಾರಣೆಯಲ್ಲಿ ಮೊದಲೇ ಮಾಡಿರುತ್ತಾರೆ, ಅದಕ್ಕೇ ನಿನ್ನ ಕಣ್ಣಿಗೆ ಈವರೆಗೆ ಬಿದ್ದಿರಲಿಲ್ಲ. ತೆಗೆದಿಟ್ಟ ಹೋಳು ಮತ್ತೆ ಅಡುಗೆಗೆ ಬಿದ್ದು, ಅಡುಗೆ ಅದರ ನೂರು ಪಾಲಿನಷ್ಟಿಲ್ಲದಿದ್ದರೆ ಎಲ್ಲವೂ ನಿಷಿದ್ಧವಾಗುತ್ತದೆ. ಸಾರು ಚೆಲ್ಲಿದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ, ಮಗಳೇ, ಲೆಕ್ಕದಿಂದ.

ಈ ಕಟ್ಟಳೆಗಳಲ್ಲಿ ಹೆಚ್ಚಿನವು ಆ ನೆಲಕ್ಕೆ ಮಾತ್ರ ಅಂಟಿಕೊಂಡವು. ಅಜ್ಜಿ ಹುಡುಗಿಯಾಗಿ ಪರವೂರಿನಲ್ಲಿದ್ದಾಗ ಅವರ ತಾಯಿ ಬಸಳೆಯನ್ನೋ ಬೆಂಡೆಯನ್ನೋ ಹಿತ್ತಲಿನಿಂದ ಕಿತ್ತು ನೇರವಾಗಿ ಒಲೆಗೆ ಹಾಕಿರಬೇಕು, ಕೇರಳದ ಮಣ್ಣಿಗೆ ತೆರುಮಾ ಇಲ್ಲ. ರಬ್ಬಿ ಸಿಮ್ಲಾಯಿ ಎಂಬವರು, ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದಿನಲ್ಲಿ ಕೇಳುತ್ತಾರೆ: ಆ ದೇಶವನ್ನು ಪ್ರವೇಶಿಸಬೇಕೆಂದು ಮೋಶೆ ಅಷ್ಟೊಂದು ಹಂಬಲಿಸಿದ್ದೇಕೆ? ಅಲ್ಲಿನ ಹಣ್ಣು ತಿನ್ನುವ ಆಸೆಯೇ? ಅಲ್ಲ, ಎಷ್ಟೋ ಆಜ್ಞೆಗಳನ್ನು ಅಲ್ಲಿ ಮಾತ್ರ ನೆರವೇರಿಸಲು ಸಾಧ್ಯ, ಅದಕ್ಕಾಗಿ. ತಾಲ್ಮುದಿಗೆ ಮೂಲವಾದ ಕಟ್ಟಳೆಗಳ ಸಂಗ್ರಹ ಮಿಷ್ನಾದಲ್ಲಿ ಇದಕ್ಕಿಂತಲೂ ಸೊಗಸಾದ ಒಂದು ಮಾತಿದೆ. ಇಸ್ರಾಯೇಲ್ ದೇಶ ಉಳಿದೆಲ್ಲ ದೇಶಗಳಿಗಿಂತ ಪವಿತ್ರ ಎಂದು ಹೇಳಿ, ಅದರ ಪವಿತ್ರತೆ ಯಾವುದರಲ್ಲಿದೆ ಎಂದು ಅದೇ ಉಸಿರಿನಲ್ಲಿ ಪ್ರಶ್ನಿಸಿಕೊಳ್ಳುತ್ತದೆ. ಅಲ್ಲಿ ಪೂರ್ವಜರ ಗೋರಿಗಳಿವೆ ಎಂದಾಗಲಿ, ಪ್ರವಾದಿಗಳು ನಡೆದಾಡಿದ ನೆಲ ಎಂದಾಗಲಿ ಉತ್ತರ ಬರುವುದಿಲ್ಲ. ಮೊದಲ ಸಿವುಡು, ಪ್ರಥಮ ಫಲ, ಎರಡು ರೊಟ್ಟಿ, ಇವನ್ನು ಅಲ್ಲಿಂದ ತಂದು ಅರ್ಪಿಸುತ್ತಾರೆ ಎನ್ನುತ್ತದೆ. ಒಂದು ದೇಶದ ಹಿರಿಮೆಯನ್ನು ಅದು ಏನು ಕೊಡಬೇಕಾಗಿದೆ ಎಂಬುದರಿಂದ ಅಳೆದ ಇಂಥ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗಬೇಕು. ನಿನ್ನ ಮುತ್ತಜ್ಜ ಚಾಲಗೇಣಿ ಒಕ್ಕಲು. ಧಣಿಗೆ ಮನಸ್ಸು ಬಂದಾಗ ಬಿಡಿಸಬಹುದಾದ ಗದ್ದೆಯಲ್ಲಿ ಉತ್ತು ಬಿತ್ತಿ ಸತ್ತವರು. ಮೂಲಗೇಣಿಯವರ ಸಂಗತಿ ಬೇರೆ, ಗೇಣಿ ಸಲ್ಲುತ್ತಿರುವವರೆಗೆ ತಲೆತಲಾಂತರ ಅವರನ್ನು ಏಳಿಸುವಂತಿರಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಈ ಎರಡೂ ಪತ್ರಗಳಿವೆ. ಯೆಹೂದ್ಯರ ಮೂಲಪುರುಷ ಅಬ್ರಹಾಮನಿಗೆ ದೇವರು ಬರೆದುಕೊಟ್ಟದ್ದು ಮೂಲಗೇಣಿ: ನಿನಗೂ ನಿನ್ನ ಸಂತತಿಗೂ ಶಾಶ್ವತವಾಗಿ. ಯಾಜಕಕಾಂಡದಲ್ಲಿ ಮಾತ್ರ ಧಣಿಯ ದನಿ ಬೇರೆಯಾಗುತ್ತದೆ: ಭೂಮಿಯನ್ನು ಶಾಶ್ವತವಾಗಿ ಮಾರಬಾರದು, ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡ ಪರದೇಶಿಗಳು. ಅದಕ್ಕೂ ಕೆಲವು ಅಧ್ಯಾಯ ಮೊದಲು, ನೀವು ನೆಲವನ್ನು ಹೊಲೆಮಾಡಿದರೆ ಹಿಂದಿನವರನ್ನು ಕಾರಿದಂತೆ ಅದು ನಿಮ್ಮನ್ನೂ ಕಾರಿಬಿಡುತ್ತದೆ ಎಂಬ ಎಚ್ಚರಿಕೆಯಿದೆ. ಪ್ರತಿ ಏಳನೆಯದು ಸಬ್ಬತ್ ವರ್ಷ, ಆಗ ನೆಲಕ್ಕೆ ವಿಶ್ರಾಂತಿ ಕೊಡಬೇಕು, ಆ ವರ್ಷ ತಾನಾಗಿ ಬೆಳೆದದ್ದು ಬಡವನಿಗೂ ಪರದೇಶಿಗೂ ಕಾಡುಮೃಗಕ್ಕೂ ಸಲ್ಲಬೇಕು. ಯೆಹೂದ್ಯರು ಬಾಬೆಲಿಗೆ ಸೆರೆಹೋದದ್ದಕ್ಕೆ ಪೂರ್ವಕಾಲವೃತ್ತಾಂತ ಕೊಡುವ ವಿವರಣೆಯನ್ನು ನೋಡು: ತಪ್ಪಿಹೋದ ಸಬ್ಬತ್ ವರ್ಷಗಳನ್ನೆಲ್ಲ ನೆಲ ಅನುಭವಿಸಿ ತೀರುವವರೆಗೆ, 70 ವರ್ಷ, ಅದು ಬರಿದಾಗಿ ಬಿದ್ದಿತ್ತು. ಬಾಕಿ ಬಿದ್ದ ಗೇಣಿಯನ್ನು ಧಣಿ ಒಕ್ಕಲು ಬಿಡಿಸಿ ವಸೂಲು ಮಾಡಿಕೊಂಡ ಹಾಗೆ.

ಥಿಯಲಾಜಿಕಲ್ ಕಾಲೇಜಿನಲ್ಲಿ ನಾನು ಹಲವು ವರ್ಷ ಮೂಲಗೇಣಿಯ ಪತ್ರವನ್ನಷ್ಟೇ ಪಾಠ ಮಾಡಿದೆ, ಚಾಲಗೇಣಿಯ ಪುಟವನ್ನು ಓದಿಸಿ ಮುಂದೆ ಹೋಗುತ್ತಿದ್ದೆ. ಅದು ನನ್ನ ತಪ್ಪು.

ಆ ಕಟ್ಟಳೆ ಪುಸ್ತಕದಲ್ಲೇ ಉಳಿದದ್ದಲ್ಲ. ಕಳೆದ ಸಬ್ಬತ್ ವರ್ಷ 2021ರ ಸೆಪ್ಟೆಂಬರಿನಲ್ಲಿ ಆರಂಭವಾಗಿ ಒಂದು ವರ್ಷ ನಡೆಯಿತು. ನೀನು ಅಲ್ಲಿಗೆ ಹೋಗುವ ಮೊದಲು. ಹೊಟ್ಟೆಪಾಡಿನ ರೈತ ವರ್ಷವಿಡೀ ಹೊಲ ಬಿಟ್ಟರೆ ಬದುಕುವುದು ಹೇಗೆ ಎಂಬ ಸಂಕಟ 1880ರ ದಶಕದಲ್ಲಿ ಅಲ್ಲಿ ನೆಲೆಸಲು ಹೋದವರಿಗೇ ಎದುರಾಯಿತು. ಆಗ ಕೆಲವು ರಬ್ಬಿಗಳು, ಆ ವರ್ಷದ ಮಟ್ಟಿಗೆ ಜಮೀನನ್ನು ಯೆಹೂದ್ಯರಲ್ಲದವರಿಗೆ ಕ್ರಯ ಮಾಡಿ ಬೇಸಾಯ ಮುಂದುವರಿಸಲು ಅನುಮತಿ ಕೊಟ್ಟರು. 1904ರಲ್ಲಿ ಯಾಫಾಕ್ಕೆ ಬಂದ ರಬ್ಬಿ ಅಬ್ರಹಾಂ ಯಿತ್ಸಾಕ್ ಕೂಕ್, ಮುಂದೆ ಆ ನಾಡಿನ ಮೊದಲ ಅಶ್ಕೆನಾಜಿ (ಯೂರೋಪ್ ಮೂಲದ ಯೆಹೂದ್ಯರ) ಮುಖ್ಯ ರಬ್ಬಿಯಾದವರು, ಅದನ್ನು ಸಮರ್ಥಿಸಿದರು. ಇದು ದೇವರಿಗೆ ಕಣ್ಣುಕಟ್ಟು ಎಂದು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪವಿತ್ರ ನೆಲದಲ್ಲಿ ಉಳಿಯಲೆಂದು ಅದನ್ನು ಕಾಗದದ ಮೇಲೆ ಅನ್ಯನಿಗೆ ಮಾರುವುದು! ನಮ್ಮ ಕಡೆಯ ಬೇನಾಮಿ ವ್ಯವಹಾರಗಳನ್ನು ಕಂಡ ನನಗೆ ನಗು ಬಂದರೂ, ಕಟ್ಟಳೆಯನ್ನು ಮುರಿಯಲಾರದೆ ಹೊಟ್ಟೆಯನ್ನೂ ಬಿಡಲಾರದೆ ಒದ್ದಾಡಿದ ಆ ಪ್ರಾಮಾಣಿಕತೆಯನ್ನು ಹಗುರವಾಗಿ ಕಾಣಲಾರೆ.

ಇನ್ನು ಅಜ್ಜಿ ಹೊರಡದಿರುವ ವಿಷಯ. ಮಿಷ್ನಾದ ಕಾನೂನು ಹೀಗಿದೆ: ಮನೆಯವರನ್ನು ಇಸ್ರಾಯೇಲ್ ದೇಶಕ್ಕೆ ಬರುವಂತೆ ಒತ್ತಾಯಿಸಬಹುದು, ಅಲ್ಲಿಂದ ಹೊರಡುವಂತೆ ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ. ಅದೇ ಪುಟಗಳಲ್ಲಿ ತಾಲ್ಮುದು ಮತ್ತೂ ಕಟುವಾಗುತ್ತದೆ. ಹೊರನಾಡಿನಲ್ಲಿ ವಾಸಿಸುವವನು ದೇವರಿಲ್ಲದವನ ಹಾಗೆ ಎನ್ನುತ್ತದೆ. ಸಿಟ್ಟಿನ ಮಾತು, ಬಾಬೆಲಿನಲ್ಲಿ ಕುಳಿತೇ ಅದನ್ನು ಓದಿ ಬರೆದಿಟ್ಟ ಪಂಡಿತರಿಗೆ ಅದರ ವ್ಯಂಗ್ಯ ತಿಳಿಯದೆ ಇರಲಿಲ್ಲ. ಹನ್ನೆರಡನೆಯ ಶತಮಾನದ ಮಹಾಪಂಡಿತ ಮೈಮೋನಿಡಿಸ್ ತಮ್ಮ ಧರ್ಮಸಂಹಿತೆಯಲ್ಲಿ, ಶಾಸ್ತ್ರ ಕಲಿಯಲು, ಮದುವೆಯಾಗಲು, ಆಸ್ತಿ ಉಳಿಸಿಕೊಳ್ಳಲು ಹೊರಹೋಗಿ ಮರಳಬಹುದು, ಹೊರಗೇ ನೆಲೆಸಲು ಭೀಕರ ಕ್ಷಾಮವೇ ಬರಬೇಕು ಎಂದು ಬರೆದರು; ತಾವು ಮಾತ್ರ 1165ರಲ್ಲಿ ಅಕ್ಕೋ ಬಂದರಿನಲ್ಲಿ ಇಳಿದರೂ ಅಲ್ಲಿ ನಿಲ್ಲದೆ ಈಜಿಪ್ಟಿನಲ್ಲಿ ಬಾಳಿದರು. ಇಸ್ರಾಯೇಲ್ ದೇಶದಲ್ಲಿ ವಾಸಿಸುವುದನ್ನು ಅವರು ಯೆಹೂದ್ಯ ಧರ್ಮದ 613 ಆಜ್ಞೆಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಎಣಿಸಲಿಲ್ಲ. ಮುಂದಿನ ಶತಮಾನದ ಪಂಡಿತ ನಖ್ಮಾನಿಡಿಸ್ ಅದನ್ನು ಒಪ್ಪದೆ, ಅರಣ್ಯಕಾಂಡದ ವಚನವನ್ನು ಹಿಡಿದು, ಇದು ಪ್ರತಿ ತಲೆಮಾರಿಗೂ ಸಲ್ಲುವ ಆಜ್ಞೆ ಎಂದು ವಾದಿಸಿದರು. ವಾದಿಸಿ ಸುಮ್ಮನಿರಲಿಲ್ಲ. ಬಾರ್ಸೆಲೋನಾದಲ್ಲಿ ಕ್ರೈಸ್ತರೊಡನೆ ನಡೆದ ಧರ್ಮವಾದದ ನಂತರ ಸ್ಪೇನ್ ಬಿಟ್ಟು, ಎಪ್ಪತ್ತು ದಾಟಿದ ಮೇಲೆ, 1267ರಲ್ಲಿ ಯೆರೂಸಲೇಮಿಗೆ ಬಂದಿಳಿದರು. ಅಲ್ಲಿಂದ ಮಗನಿಗೆ ಬರೆದ ಪತ್ರ ಉಳಿದಿದೆ: ಹೆಚ್ಚು ಪವಿತ್ರವಾದ ಜಾಗವೇ ಹೆಚ್ಚು ಹಾಳುಬಿದ್ದಿದೆ, ಊರಿನಲ್ಲಿ ಬಣ್ಣ ಹಾಕುವ ಇಬ್ಬರು ಸಹೋದರರ ಹೊರತು ಯೆಹೂದ್ಯರೇ ಇಲ್ಲ. ಬೀಳುಬಿದ್ದ ಒಂದು ಕಟ್ಟಡವನ್ನು ಹಿಡಿದು ಅವರು ಪ್ರಾರ್ಥನಾಲಯ ಮಾಡಿಕೊಂಡರು. ಮಕ್ಕಳನ್ನು ಬಿಟ್ಟುಬಂದ ಆ ಮುದುಕರನ್ನು ನೆನೆದಾಗಲೆಲ್ಲ ನಿನ್ನ ಅಜ್ಜಿಯವರನ್ನೂ ನೆನೆಯುವಂತಾಗಿದೆ ಈಗ.

ಅಜ್ಜಿಯ ಜನ ಕೇರಳದಿಂದ ಬಂದದ್ದು ಅಟ್ಟಿಸಿಕೊಂಡು ಬಂದದ್ದಲ್ಲ. ಕೊಚ್ಚಿಯ ಅರಸರು ಯೆಹೂದ್ಯರಿಗೆ ತಮ್ಮ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟಿದ್ದರು. 1568ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಲಯ ಇಂದಿಗೂ ಅಲ್ಲಿದೆ. ಯಾಜಕಕಾಂಡದ ಅದೇ ಪದ, ಗಮನಿಸು. ಅಷ್ಟು ನೆಮ್ಮದಿಯ ಹಸಿರು ನಾಡನ್ನು ಬಿಟ್ಟು 1950ರ ದಶಕದಲ್ಲಿ ಹಳ್ಳಿಗೆ ಹಳ್ಳಿಯೇ ಹೊರಟಾಗ, ಆನೆಕಾಲು ರೋಗ ತಂದಾರೆಂಬ ಭಯದಿಂದ ಇಸ್ರಾಯೇಲಿನ ಅಧಿಕಾರಿಗಳು ಅವರನ್ನು ವರ್ಷಗಟ್ಟಲೆ ಕಾಯಿಸಿದರು. ಕೊನೆಗೆ ಕರೆಸಿಕೊಂಡು ಕಲ್ಲುಗುಡ್ಡಗಳಲ್ಲೂ ನೆಗೆವ್ ಮರುಭೂಮಿಯಲ್ಲೂ ನೆಲೆಗೊಳಿಸಿದರು. ಮುಂದಿನ ವರ್ಷ ಯೆರೂಸಲೇಮಿನಲ್ಲಿ ಎಂದು ಪಸ್ಕ ಹಬ್ಬದ ರಾತ್ರಿ ಹೇಳಿಕೊಂಡದ್ದನ್ನು ಅವರು ಮಾತಿನ ಅಲಂಕಾರವೆಂದು ತಿಳಿದಿರಲಿಲ್ಲ. ಹಾಗೆ ಬಂದವರಿಗೆ, ಕಷ್ಟ ಬಂದಿದೆ, ಸ್ವಲ್ಪ ದಿನ ಹೊರಗಿದ್ದು ಬನ್ನಿ ಎಂದರೆ ಎಷ್ಟು ಕಿವಿಗೆ ಹೋದೀತು?

ಹಾಗೆಂದು ಈ ಬೋಧೆಯಲ್ಲಿ ಒಂದೇ ದನಿಯಿದೆ ಎಂದು ತಿಳಿಯಬೇಡ. ಗೋಡೆಯಂತೆ ಒಟ್ಟಾಗಿ ನುಗ್ಗಿ ಆ ದೇಶಕ್ಕೆ ಏರಬಾರದು, ಜನಾಂಗಗಳ ವಿರುದ್ಧ ದಂಗೆಯೇಳಬಾರದು ಎಂದು ದೇವರು ಇಸ್ರಾಯೇಲರಿಂದ ಪ್ರಮಾಣ ಮಾಡಿಸಿದ್ದಾನೆ ಎಂಬ ಮಾತೂ ಅದೇ ತಾಲ್ಮುದಿನಲ್ಲಿದೆ. ಕಟ್ಟಾ ಸಂಪ್ರದಾಯದ ಸಾತ್ಮಾರ್ ಪಂಥದ ರಬ್ಬಿ ಯೋಯೆಲ್ ಟೈಟೆಲ್‌ಬಾಮ್ ಅದನ್ನೇ ಆಧಾರವಾಗಿಟ್ಟು ಇಸ್ರಾಯೇಲ್ ರಾಷ್ಟ್ರದ ಸ್ಥಾಪನೆಯನ್ನೇ ಪಾಪವೆಂದರು. ಬಾಗ್ದಾದಿನಲ್ಲಿ ಹುಟ್ಟಿದ ರಬ್ಬಿ ಓವಾದ್ಯ ಯೋಸೆಫ್, ಜೀವ ಉಳಿಯುವುದಾದರೆ ನೆಲವನ್ನು ಬಿಟ್ಟುಕೊಡಬಹುದು ಎಂದು ತೀರ್ಪು ಕೊಟ್ಟರು. ನೆಲ ನಮ್ಮದೆಂದು ಬಂದೂಕು ಹಿಡಿದು ವಚನ ಒಪ್ಪಿಸುವವರೂ ಇದ್ದಾರೆ. ಅವರು ಮೂಲಗೇಣಿಯ ಪತ್ರವನ್ನು ಮಾತ್ರ ಓದುತ್ತಾರೆ, ನಾನು ಓದುತ್ತಿದ್ದ ಹಾಗೆ. ನೀನು ದಿನವೂ ನೋಡುವ ಆ ಬೆಟ್ಟಗಳಲ್ಲಿ 1948ರವರೆಗೆ ಅರಬ್ಬರ ಹಳ್ಳಿಗಳಿದ್ದವು. ಆ ಮನೆಗಳಲ್ಲಿದ್ದವರ ಮೊಮ್ಮಕ್ಕಳೂ ತಮ್ಮ ಊರನ್ನು ಮರೆತಿಲ್ಲ. ಅಬ್ರಹಾಮನು ಹೆಂಡತಿಯ ಶವಕ್ಕೆ ಜಾಗ ಬೇಕಾದಾಗ, ವಾಗ್ದಾನದ ಮಾತನ್ನೇ ಎತ್ತದೆ, ನಾನು ನಿಮ್ಮ ನಡುವೆ ಪರದೇಶಿ ಎಂದು ಆ ನಾಡಿನವರಾದ ಹಿತ್ತಿಯರ ಮುಂದೆ ತಲೆಬಾಗಿ 400 ಶೇಕೆಲ್ ಬೆಳ್ಳಿ ತೂಗಿಕೊಟ್ಟ ಅಧ್ಯಾಯವನ್ನು ನಾನು ಈಗ ಮೊದಲಿಗಿಂತ ನಿಧಾನವಾಗಿ ಓದುತ್ತೇನೆ.

ಕೊನೆಯದಾಗಿ ಒಂದು ಕತೆ. ಇದನ್ನು ಬರೆಯುವುದಕ್ಕೇ ಇಷ್ಟು ದೂರ ಬಂದೆನೇನೋ. ರಬ್ಬಿ ಅಸ್ಸಿ ಎಂಬವರು ಬಾಬೆಲಿನಲ್ಲಿ ವಯಸ್ಸಾದ ತಾಯಿಯನ್ನು ಬಿಟ್ಟು ಇಸ್ರಾಯೇಲ್ ದೇಶಕ್ಕೆ ಬಂದಿದ್ದರು. ತಾಯಿ ತಮ್ಮನ್ನು ಹುಡುಕಿಕೊಂಡು ಹೊರಟಿದ್ದಾರೆ ಎಂಬ ಸುದ್ದಿ ಬಂತು. ಅವರು ಗುರುವಾದ ರಬ್ಬಿ ಯೋಹಾನಾನರ ಬಳಿ ಹೋಗಿ, ಈ ದೇಶ ಬಿಟ್ಟು ಹೊರಹೋಗಬಹುದೇ ಎಂದು ಕೇಳಿದರು. ಕೂಡದು ಎಂದರು ಗುರು. ತಾಯಿಯನ್ನು ಎದುರುಗೊಳ್ಳಲು? ಗುರು ಹೇಳಿದ್ದು ಒಂದೇ ಮಾತು: ನಾನರಿಯೆ. ಸ್ವಲ್ಪ ಕಾದು ಮತ್ತೆ ಹೋದಾಗ, ಅಸ್ಸಿ, ನೀನು ಹೋಗಲು ಮನಸ್ಸು ಮಾಡಿದ್ದೀ, ದೇವರು ನಿನ್ನನ್ನು ಸುಖವಾಗಿ ಮರಳಿ ತರಲಿ ಎಂದರು. ಅಷ್ಟರಲ್ಲಿ ಬರುತ್ತಿರುವುದು ತಾಯಿಯ ಶವಪೆಟ್ಟಿಗೆ ಎಂದು ತಿಳಿಯಿತು. ತಿಳಿದಿದ್ದರೆ ನಾನು ಹೊರಡುತ್ತಲೇ ಇರಲಿಲ್ಲ ಎಂದರಂತೆ ಅಸ್ಸಿ. ನೆಲ, ತಾಯಿ, ಎರಡರಲ್ಲಿ ಯಾವುದು ಹೆಚ್ಚು ಎಂದು ಆ ಕಾಲದ ಮಹಾಪಂಡಿತನೇ ಹೇಳಲಾರದೆ ಹೋದ. ಆದ್ದರಿಂದ ಅಜ್ಜಿಗೆ ಹೋಗಿ ಎಂದಾಗಲಿ, ಅವರ ಮಗನಿಗೆ ಕೇಳಬೇಡಿ ಎಂದಾಗಲಿ ನೀನು ಹೇಳಲು ಹೋಗಬೇಡ.

ನಿನ್ನನ್ನು ಊರಿಗೆ ಬಾ ಎನ್ನಬೇಕೇ ಎಂದು ನಿನ್ನ ಅಮ್ಮ ದಿನವೂ ಕೇಳುತ್ತಾಳೆ. ನಾನೂ ಯೋಹಾನಾನರ ಮಾತನ್ನೇ ಹೇಳಿ ಬೈಸಿಕೊಳ್ಳುತ್ತಿದ್ದೇನೆ. ಟೊಮೇಟೊ ಹೆಚ್ಚುವ ಮೊದಲು ಅಜ್ಜಿಯನ್ನು ಒಮ್ಮೆ ಕೇಳು. ಸೈರನ್ನು ಕೂಗಿದ ರಾತ್ರಿ, ಎಷ್ಟು ಹೊತ್ತಾಗಿದ್ದರೂ, ಮಾಮಾಡಿನಿಂದ ಹೊರಬಂದ ಕೂಡಲೇ ಫೋನು ಮಾಡು. ನಿದ್ದೆ ಕೆಟ್ಟೀತೆಂದು ಸಂಕೋಚ ಬೇಡ, ನಾವು ಎದ್ದೇ ಇರುತ್ತೇವೆ.

ನಿನ್ನ ಅಪ್ಪ